ಮಗುವಿನ ಕೈಗೆ ಎಂಥ ಕ್ರೇಯಾನ್?

ಪುಟ್ಟ ಮಕ್ಕಳಿಗೆ ಬಣ್ಣ ಕೊಳ್ಳುವಾಗ ಅಂದಕ್ಕಿಂತ ಮೊದಲು ಗಟ್ಟಿತನ ನೋಡಿ. 3 ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ತೆಳು ಕ್ರೇಯಾನ್ ಬೇಗ ಮುರಿಯುತ್ತದೆ. ಅದರ ತುಂಡು ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮಗು ಮುಷ್ಟಿಯಲ್ಲಿ ಹಿಡಿಯಬಲ್ಲ ದಪ್ಪ ಕ್ರೇಯಾನನ್ನೇ ಆರಿಸಿ. ಮುರಿದ ಚೂರುಗಳನ್ನು ಕೂಡಲೇ ತೆಗೆದುಬಿಡಿ. ಸ್ಕೆಚ್ ಪೆನ್ನಿನ ಮುಚ್ಚಳವೂ ಅಷ್ಟೇ ಅಪಾಯಕಾರಿ.

ಪೊಟ್ಟಣದ ಮೇಲೆ ತಯಾರಕರ ಹೆಸರು, ವಯೋಮಿತಿ, ‘ವಿಷರಹಿತ’ ಎಂಬ ಸೂಚನೆ ಇರಲಿ. ಹೆಸರಿಲ್ಲದ ಅಗ್ಗದ ಬಣ್ಣಗಳಲ್ಲಿ ಸೀಸ ಇರಬಹುದು. ಅಲ್ಪ ಪ್ರಮಾಣದ ಸೀಸವೂ ಮಗುವಿನ ಮಿದುಳಿನ ಬೆಳವಣಿಗೆಗೆ ಹಾನಿಕರ.

ವಿಷರಹಿತ ಕ್ರೇಯಾನನ್ನು ಮಗು ಸ್ವಲ್ಪ ಅಗಿದು ನುಂಗಿದರೆ ಗಾಬರಿ ಬೇಡ. ಬಾಯಿ ಒರೆಸಿ, ನೀರು ಕುಡಿಸಿ. ಆದರೆ ಕೆಮ್ಮು ನಿಲ್ಲದಿದ್ದರೆ, ಉಸಿರಾಡುವಾಗ ಶಿಳ್ಳೆಯಂಥ ಸದ್ದು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.