ಊರಿನ ಹೆಸರಿಗೇ ಬೆಲೆ

ಪೆನ್ಸಿಲ್ವೇನಿಯಾದ ನಮ್ಮ ಮನೆಗೆ ಬರುವ ಕನ್ನಡಿಗ ಗೆಳೆಯರು ನನ್ನ ಹಳೇ ನೋಟುಗಳ ಆಲ್ಬಮ್ ಕಂಡರೆ ಕೇಳುವುದು ಒಂದೇ ಮಾತು: "ನೂರು ವರ್ಷದ್ದಲ್ವಾ, ಲಕ್ಷಗಟ್ಟಲೆ ಬಾಳುತ್ತೇನೋ?" ಈ ಬಾಬತ್ತಿನಲ್ಲಿ ವಯಸ್ಸಿಗೆ ಅಂಥ ಕಿಮ್ಮತ್ತಿಲ್ಲ ಎಂದರೆ ನಂಬುವುದಿಲ್ಲ.

1863ರಿಂದ 1935ರವರೆಗೆ ಅಮೆರಿಕದ ನ್ಯಾಷನಲ್ ಬ್ಯಾಂಕುಗಳು ಸರ್ಕಾರಿ ಬಾಂಡುಗಳನ್ನು ಖಜಾನೆಯಲ್ಲಿ ಒತ್ತೆಯಿಟ್ಟು ತಂತಮ್ಮ ಹೆಸರಿನ ನೋಟು ಹೊರಡಿಸುತ್ತಿದ್ದವು. ಅಂಥವು 12,000ಕ್ಕೂ ಹೆಚ್ಚು. ಒಂದೊಂದಕ್ಕೂ ಒಂದು ಚಾರ್ಟರ್ ಸಂಖ್ಯೆ. ಫಿಲಡೆಲ್ಫಿಯಾದ ಫಸ್ಟ್ ನ್ಯಾಷನಲ್ ಬ್ಯಾಂಕಿನದು 1. ಹಾಗಾಗಿ ನೋಟು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಊರು ಮತ್ತು ಚಾರ್ಟರ್ ಸಂಖ್ಯೆ. ಅದೇ ಚಿತ್ರ, ಅದೇ 10 ಡಾಲರ್. ನ್ಯೂಯಾರ್ಕಿನ ದೊಡ್ಡ ಬ್ಯಾಂಕಿನದಾದರೆ ಬೇಕಾದಷ್ಟು ಸಿಗುತ್ತವೆ, ಅಲಾಸ್ಕಾದ್ದಾದರೆ ಹರಾಜಿನಲ್ಲಿ ಜನ ಜಿದ್ದಿಗೆ ಬೀಳುತ್ತಾರೆ. ಯಾವ ಬ್ಯಾಂಕಿನವು ಎಷ್ಟು ಉಳಿದಿವೆ ಎಂಬ ಗಣತಿಯನ್ನು ಸಂಗ್ರಾಹಕರೇ ಇಟ್ಟಿದ್ದಾರೆ. ಆದರೆ ಅದು ಕಣ್ಣಿಗೆ ಬಿದ್ದವುಗಳ ಲೆಕ್ಕ ಅಷ್ಟೆ. ನಾಳೆ ಯಾರದೋ ಅಟ್ಟದ ಟ್ರಂಕಿನಲ್ಲಿ ಒಂದು ಕಂತೆ ಸಿಕ್ಕರೆ ಬೆಲೆ ಕುಸಿಯಿತೆಂದೇ ತಿಳಿಯಿರಿ.

1929ರಲ್ಲಿ ನೋಟಿನ ಅಳತೆ ಕಿರಿದಾಯಿತು. ಆ ಸರಣಿಯ ಎರಡನೇ ಬಗೆಯಲ್ಲಿ ಚಾರ್ಟರ್ ಸಂಖ್ಯೆ ಕಪ್ಪಿನ ಜೊತೆಗೆ ಕ್ರಮಸಂಖ್ಯೆಯ ಪಕ್ಕ ಕಂದು ಶಾಯಿಯಲ್ಲೂ ಇರುತ್ತದೆ. ಎಷ್ಟೋ ಬ್ಯಾಂಕುಗಳಲ್ಲಿ ಇದೇ ವಿರಳ.

ಆಮೇಲೆ ನೋಟಿನ ಸ್ಥಿತಿ. ಅಂಗಡಿಯ ಮೇಜಿನ ಮೇಲೆ ಗರಿಗರಿಯಾಗಿ ಕಂಡದ್ದನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಅಚ್ಚಿನ ಉಬ್ಬು ಬೆರಳಿಗೆ ಸಿಗಬೇಕು. ತೊಳೆದು ಇಸ್ತ್ರಿ ಮಾಡಿದ ನೋಟಿನಲ್ಲಿ ಅದು ಚಪ್ಪಟೆಯಾಗಿ, ಹಳೇ ಮಡಿಕೆ ತೆಳು ಗೆರೆಯಾಗಿ ಉಳಿದಿರುತ್ತದೆ. ದೊಡ್ಡ ಅಳತೆಯ ನೋಟಿಗೆ ಬ್ಯಾಂಕಿನ ಅಧ್ಯಕ್ಷ, ಕ್ಯಾಷಿಯರ್ ಲೇಖನಿಯಿಂದಲೇ ಸಹಿ ಹಾಕಿದ್ದರೆ ಒಳ್ಳೆಯದು. ರಬ್ಬರ್ ಮೊಹರಿನ ಸಹಿ ಬಹುಪಾಲು ಮಾಸಿಹೋಗಿರುತ್ತದೆ. ಅಂಚು ಸೊಟ್ಟಗಿದೆಯೆಂದು ಮಾತ್ರ ನಾನು ಮೂಗು ಮುರಿಯುವುದಿಲ್ಲ. ಹಾಳೆಯಲ್ಲಿ ಬಂದ ನೋಟುಗಳನ್ನು ಬ್ಯಾಂಕಿನವರೇ ಕತ್ತರಿಯಿಂದ ಬಿಡಿಸಿಕೊಳ್ಳುತ್ತಿದ್ದ ಕಾಲ ಅದು.

ಬೆಲೆಗೆ ಮಾರುವವರು ಹೇಳುವ ಅಂಕಿಯನ್ನು ನಾನು ನಂಬುವುದಿಲ್ಲ. ಹರಾಜಿನಲ್ಲಿ ನಿಜವಾಗಿ ಕೊಟ್ಟ ಹಣವನ್ನೇ ನೋಡುತ್ತೇನೆ. ಅದನ್ನೂ ಒಂದು ಹರಾಜಿನಿಂದ ತೀರ್ಮಾನಿಸಬಾರದು. ಸಣ್ಣ ಊರಿನ ನೋಟಿಗೆ ಪಟ್ಟು ಹಿಡಿದ ಇಬ್ಬರಿದ್ದರೆ ಬೆಲೆ ಏರುತ್ತದೆ. ಅವರಲ್ಲೊಬ್ಬರಿಗೆ ಅದು ಸಿಕ್ಕ ಮೇಲೆ ಮುಂದಿನ ಸಲ ಕೂಗುವವರು ಯಾರು?

ನಿಮ್ಮ ಕೈಗೂ ಇಂಥದ್ದೊಂದು ಬಂದರೆ ತೊಳೆಯಬೇಡಿ, ಟೇಪ್ ಅಂಟಿಸಬೇಡಿ. ಯಾರೂ ಕೊಳ್ಳದಿದ್ದರೂ ನಷ್ಟವಿಲ್ಲ: ಈ ನೋಟುಗಳು ಅಮೆರಿಕದಲ್ಲಿ ಇಂದಿಗೂ ಊರ್ಜಿತ, 10 ಡಾಲರಿನದಕ್ಕೆ 10 ಡಾಲರ್ ಇದ್ದೇ ಇದೆ.