ಮೌಸ್ ಪ್ಯಾಡ್ ತಗೊಳ್ಳೋ ಮುಂಚೆ ಒಂದು ಲೆಕ್ಕ

ಹಾಸ್ಟೆಲ್‌ನಲ್ಲಿ ವ್ಯಾಲೊರಂಟ್ ಆಡೋರನ್ನ ಒಂದ್ಸಲ ಗಮನಿಸಿ. ಮೌಸ್‌ಗೆ ಮೂರು ಸಾವಿರ ಖರ್ಚು ಮಾಡಿರ್ತಾರೆ, ಆದ್ರೆ ಅದು ಓಡೋದು ಹಳೇ ನೋಟ್‌ಬುಕ್ ರಟ್ಟಿನ ಮೇಲೆ. ಎಯ್ಮ್ ಸರಿ ಬರ್ತಿಲ್ಲ ಅಂದ್ರೆ ಮೊದಲು ಬೈಯೋದು ಪಿಂಗ್‌ನ, ಆಮೇಲೆ ಟೀಮ್‌ಮೇಟ್‌ನ. ಇನ್ನು ಕೆಲವರು ಯಾರೋ ಹೇಳಿದ್ರು ಅಂತ ಟೇಬಲ್ ತುಂಬೋ ಪ್ಯಾಡ್ ತರಿಸ್ತಾರೆ, ಅದರ ಕಾಲು ಭಾಗವನ್ನೂ ಬಳಸಲ್ಲ. ಹಾಗಾಗಿ ಬ್ರಾಂಡ್ ನೋಡೋ ಮುಂಚೆ ನಿಮ್ಮ ಸೆನ್ಸಿಟಿವಿಟಿ ನೋಡಿ.

ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರ್‌ಗೆ ಎಷ್ಟು ಕೌಂಟ್ ಕಳಿಸತ್ತೆ ಅನ್ನೋದೇ ಡಿಪಿಐ. ಪ್ರತಿ ಕೌಂಟ್‌ಗೂ ಗೇಮ್ ನಿಮ್ಮ ನೋಟವನ್ನ ಒಂದು ಚೂರು ತಿರುಗಿಸತ್ತೆ. ಸೆನ್ಸಿಟಿವಿಟಿ 1 ಇದ್ದರೆ ವ್ಯಾಲೊರಂಟ್‌ನಲ್ಲಿ ಅದು 0.07 ಡಿಗ್ರಿ, ಕೌಂಟರ್ ಸ್ಟ್ರೈಕ್‌ನಲ್ಲಿ 0.022 ಡಿಗ್ರಿ. ಒಂದು ಗೇಮ್‌ನ ಸೆನ್ಸಿಟಿವಿಟಿಯನ್ನ ಇನ್ನೊಂದಕ್ಕೆ ಬದಲಿಸುವಾಗ ಬರೋ 3.18 ಅನ್ನೋ ಸಂಖ್ಯೆ ಇದೇ ಎರಡರ ಅನುಪಾತ.

ಈಗ ವ್ಯಾಲೊರಂಟ್‌ನಲ್ಲಿ 800 ಡಿಪಿಐ, 0.4 ಸೆನ್ಸಿಟಿವಿಟಿ ಅಂತ ಇಟ್ಕೊಳ್ಳಿ. 800 × 0.4 × 0.07, ಅಂದ್ರೆ ಒಂದು ಇಂಚಿಗೆ 22.4 ಡಿಗ್ರಿ. ಪೂರ್ತಿ ಒಂದು ಸುತ್ತು ತಿರುಗೋಕೆ ಸುಮಾರು 16 ಇಂಚು, 40.8 ಸೆಂ.ಮೀ. ಬೇಕು. ಹಿಂದಿಂದ ಬಂದವನ ಕಡೆ ತಿರುಗೋಕೆ ಅದರ ಅರ್ಧ, 20.4 ಸೆಂ.ಮೀ. ಎ4 ಹಾಳೆಯ ಅಗಲ 21 ಸೆಂ.ಮೀ., ಹಾಗಾಗಿ ಟೇಬಲ್ ಮೇಲೆ ಒಂದು ಹಾಳೆ ಇಟ್ಟರೆ ಅಂದಾಜು ಸಿಗತ್ತೆ.

ಈ ಆಟಗಾರನ ಹತ್ರ 32 ಸೆಂ.ಮೀ. ಅಗಲದ ಮೀಡಿಯಂ ಪ್ಯಾಡ್ ಇದೆ ಅನ್ನಿ. ಮೌಸ್‌ನ ಅಗಲ 6 ಸೆಂ.ಮೀ. ಕಳೆದರೆ ನಡುವಿನಿಂದ ಒಂದೊಂದು ಕಡೆಗೆ ಉಳಿಯೋದು 13 ಸೆಂ.ಮೀ. ಅಷ್ಟರಲ್ಲಿ ಸುಮಾರು 115 ಡಿಗ್ರಿ ಮಾತ್ರ ತಿರುಗಬಹುದು. ಉಳಿದದ್ದಕ್ಕೆ ಮೌಸ್ ಎತ್ತಿ ಇಡಬೇಕು, ಎತ್ತಿದಾಗ ಸೆನ್ಸರ್‌ಗೆ ಏನೂ ಕಾಣಲ್ಲ, ಅಷ್ಟರಲ್ಲಿ ನೀವು ಔಟ್. ಇವನಿಗೆ 45 × 40 ಸೆಂ.ಮೀ. ಪ್ಯಾಡ್ ಹೆಚ್ಚುಕಡಿಮೆ ಸರಿಹೋಗತ್ತೆ. ಸ್ಟೀಲ್‌ಸೀರೀಸ್ ಕ್ಯುಸಿಕೆ ಲಾರ್ಜ್, ಲಾಜಿಟೆಕ್ ಜಿ640 ಎಲ್ಲ ಈ ಅಳತೆಯ ಆಸುಪಾಸಿನವೇ. ಅದೇ 1600 ಡಿಪಿಐನಲ್ಲಿ ಆಡೋನಿಗೆ ಎಲ್ಲ ಅಳತೆಯೂ ಅರ್ಧ ಆಗತ್ತೆ, ಅವನಿಗೆ ಮೀಡಿಯಂ ಪ್ಯಾಡೇ ಸಾಕು. 90 ಸೆಂ.ಮೀ. ಉದ್ದದ್ದು ಕೀಬೋರ್ಡ್ ಕೆಳಗೆ ಚೆನ್ನಾಗಿ ಕಾಣತ್ತೆ ಅಷ್ಟೇ.

ಅಳತೆ ಆಯ್ತು, ಇನ್ನು ಮೇಲ್ಮೈ. ಇಲ್ಲಿ ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿಸ್ಕೊಳ್ಳಿ (ಪಾಸ್ ಆದ್ಮೇಲೆ ಯಾರೂ ನೆನಪಿಸ್ಕೊಳ್ಳಲ್ಲ, ಗೊತ್ತು). ನಿಂತ ಮೌಸ್‌ನ ಅಲುಗಿಸೋಕೆ ಸ್ಟ್ಯಾಟಿಕ್ ಫ್ರಿಕ್ಷನ್ ದಾಟಬೇಕು, ಓಡ್ತಿರುವಾಗ ಕೈನೆಟಿಕ್ ಫ್ರಿಕ್ಷನ್ ಸಾಕು. ಇವೆರಡರ ನಡುವೆ ಅಂತರ ಜಾಸ್ತಿ ಇದ್ದರೆ, ಕ್ರಾಸ್‌ಹೇರ್‌ನ ಎರಡೇ ಪಿಕ್ಸೆಲ್ ಸರಿಸೋಕೆ ಹೋದಾಗ ಮೌಸ್ ಮೊದಲು ಅಂಟಿಕೊಂಡು ಆಮೇಲೆ ಜಾರಿ ಗುರಿ ದಾಟಿ ಹೋಗತ್ತೆ. ಮೌಸ್ ಕೆಳಗೆ ಅಂಟಿಸೋ ಟೆಫ್ಲಾನ್ ಪಾದಗಳ ಕೆಲಸ ಈ ಅಂತರ ಕಡಿಮೆ ಮಾಡೋದೇ. ಆದ್ರೆ ಟೆಕ್ಸ್ಟ್‌ಬುಕ್ ಸೂತ್ರ ಬಟ್ಟೆ ಪ್ಯಾಡ್‌ಗೆ ಪೂರ್ತಿ ಒಗ್ಗಲ್ಲ. ಬಟ್ಟೆಯ ಕೆಳಗೆ ಮೆತ್ತನೆ ರಬ್ಬರ್ ಇರತ್ತಲ್ಲ, ಒತ್ತಿದರೆ ಪಾದ ಒಳಗೆ ಹೂತು ತಡೆ ಇನ್ನೂ ಹೆಚ್ಚತ್ತೆ. ಇದೇ ನಮ್ಮ ಬ್ರೇಕ್. ನಿಂತು ಗುರಿಯಿಟ್ಟು ಹೊಡೆಯೋ ಆಟಗಳಿಗೆ ಬಟ್ಟೆ ಪ್ಯಾಡ್ ಒಳ್ಳೇದು ಅನ್ನೋದು ಇದಕ್ಕೇ. ಪ್ಲಾಸ್ಟಿಕ್, ಗಾಜಿನ ಪ್ಯಾಡ್‌ನಲ್ಲಿ ಎಷ್ಟು ಒತ್ತಿದರೂ ಹೂತುಕೊಳ್ಳಲ್ಲ, ನಿಲ್ಲಿಸೋದು ಪೂರ್ತಿ ಕೈಯ ಜವಾಬ್ದಾರಿ. ನನ್ನ ಪ್ರಕಾರ ಮೊದಲ ಪ್ಯಾಡ್ ಬಟ್ಟೆಯದ್ದೇ ಇರಲಿ.

ಮಣಿಕಟ್ಟಿನ ವಿಷಯ ಯಾರೂ ಮಾತಾಡಲ್ಲ. ಚಿಕ್ಕ ಪ್ಯಾಡ್‌ನಲ್ಲಿ ಜಾಗ ಸಾಲದೆ ಎಲ್ಲರೂ ಸೆನ್ಸಿಟಿವಿಟಿ ಏರಿಸ್ತಾರೆ. ಆಗ ತೋಳು ನಿಂತುಬಿಡತ್ತೆ, ಮಣಿಕಟ್ಟೊಂದೇ ಕೆಲಸ ಮಾಡತ್ತೆ. ಮೇಲೆ ಟೇಬಲ್ ಅಂಚು ಬೇರೆ ಒತ್ತತಿರತ್ತೆ. ಹಗಲು ಲ್ಯಾಬ್ ರೆಕಾರ್ಡ್, ಕ್ಯಾಡ್, ರಾತ್ರಿ ಮೂರು ತಾಸು ರ‍್ಯಾಂಕ್ಡ್, ಎಲ್ಲಕ್ಕೂ ಇರೋದು ಅದೇ ಒಂದು ಕೈ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಪದೇ ಪದೇ ಜೋಮು ಹಿಡಿದರೆ ಮಣಿಕಟ್ಟಿನ ನರದ ಮೇಲೆ ಒತ್ತಡ ಬೀಳ್ತಿರಬಹುದು. ಆಟ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ. ಜೆಲ್ ದಿಂಬು ಇರೋ ಪ್ಯಾಡ್ ತಗೊಂಡ್ರೆ ಸರಿಹೋಗತ್ತೆ ಅನ್ಕೋಬೇಡಿ. ಅದು ಮಣಿಕಟ್ಟನ್ನ ಒಂದೇ ಕಡೆ ಕೂರಿಸಿ ಅಲ್ಲೇ ಒತ್ತತ್ತೆ. ಮೊಣಕೈಯಿಂದ ಮುಂದಿನ ತೋಳು ಟೇಬಲ್ ಮೇಲೆ ಬರೋ ಹಾಗೆ ಕುರ್ಚಿ ಎಳ್ಕೊಳ್ಳಿ, ಪ್ಯಾಡ್ ಅಂಚಿನ ಹೊಲಿಗೆ ಚರ್ಮ ಉಜ್ಜದೇ ಇರಲಿ.

ಬಟ್ಟೆ ಪ್ಯಾಡ್ ಬೆವರು, ತೇವ ಹೀರತ್ತೆ, ಮಳೆಗಾಲದಲ್ಲಿ ಮಂಗಳೂರು ಕಡೆ ಕಾಲೇಜಲ್ಲಿರೋರಿಗೆ ಅದೇ ಪ್ಯಾಡ್ ನಿಧಾನ ಅನ್ಸೋದು ಇದಕ್ಕೇ. ಹೊಸದು ಕೊಳ್ಳೋ ಮುಂಚೆ ಮೌಸ್ ಪಾದಗಳ ಸುತ್ತ ಕೂತಿರೋ ಕೊಳೆ ತೆಗೆದು ನೋಡಿ. ಆಮೇಲೂ ಸರಿ ಹೋಗದಿದ್ರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು, ಮೆತ್ತನೆ ಸ್ಪಂಜು ಸಾಕು. ವಾಷಿಂಗ್ ಮೆಷಿನ್ ಬೇಡ, ಹಿಂಡೋದೂ ಬೇಡ. ಟವೆಲ್ ಒತ್ತಿ ನೀರು ತೆಗೆದು, ನೆರಳಲ್ಲಿ ಸಮತಟ್ಟಾಗಿ ಹರಡಿ, ಒಂದು ಪೂರ್ತಿ ದಿನ ಬಿಡಿ. ಅಂದ್ರೆ ಮ್ಯಾಚ್ ಇರೋ ದಿನ ತೊಳೀಬೇಡಿ.