ಶ್ರೀರಾಂಪುರದಿಂದ ದುರ್ಗಕ್ಕೆ: ಕೋಟೆಯಲ್ಲಿ ಒಂದು ದಿನದ ಕಾಲ್ನಡಿಗೆ

ಶ್ರೀರಾಂಪುರದ ಕಡೆ ಚಿತ್ರದುರ್ಗವನ್ನು ನಾವು ಬರೀ ‘ದುರ್ಗ’ ಎನ್ನುತ್ತೇವೆ. ಕೋರ್ಟು, ಡಿಸಿ ಆಫೀಸು, ಆಸ್ಪತ್ರೆ ಎಂದು ವರ್ಷಕ್ಕೆ ನಾಲ್ಕಾರು ಸಲ ಹೋಗಿ ಬರುತ್ತೇವೆ. ಕೋಟೆಯನ್ನು ಮಾತ್ರ ಶಾಲೆಯ ಟೂರಿನಲ್ಲಿ ಒಮ್ಮೆ ನೋಡಿದ್ದೇ ಕೊನೆ. ಆಗಲೂ ಮೇಷ್ಟ್ರು ಓಬವ್ವನ ಕಿಂಡಿ ತೋರಿಸಿ, ತಲೆ ಎಣಿಸಿ, ಸರಸರ ಇಳಿಸಿಕೊಂಡು ಬಂದಿರುತ್ತಾರೆ. ಈ ಸಲ ಒಂದಿಡೀ ದಿನವನ್ನು ಕೋಟೆಗೇ ಮೀಸಲಿಡಿ. ಎಲ್ಲರೂ ಅಲ್ಲಿಗೆ ಕಲ್ಲು ನೋಡಲು ಹೋಗುತ್ತಾರೆ. ಮಳೆಗೆ ಮುಗಿಲು ನೋಡುವ ಸೀಮೆಯ ನಾವು ಅಲ್ಲಿನ ನೀರನ್ನೂ ನೋಡಿ ಬರಬೇಕು.

ಹೊರಡುವ ಮುನ್ನ

ಮೊದಲ ಬಸ್ಸಿಗೆ ಹೊರಟು ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಹೊಳಲ್ಕೆರೆ ಮೇಲೆ ದುರ್ಗ ಸೇರಿ. ವಾಪಸು ಬರುವಾಗಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ಹೊಸದುರ್ಗದಲ್ಲಿ ಕೇಳಿಕೊಳ್ಳಿ. ದುರ್ಗದ ನಿಲ್ದಾಣದಿಂದ ಕೋಟೆ ಬಾಗಿಲಿಗೆ ಆಟೋ ಸಿಗುತ್ತದೆ. ಬಿಸಿಲೇರುವ ಮೊದಲೇ ಹತ್ತಲು ಶುರು ಮಾಡಿದರೆ ಅರ್ಧ ಗೆದ್ದಂತೆ.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ, ಹೊಂಡಗಳಲ್ಲೂ ನೀರಿರುತ್ತದೆ. ಬೇಸಿಗೆಯಲ್ಲಿ ಬಂಡೆ ಕಾದ ಹೆಂಚಾಗುತ್ತದೆ. ಹವಾಯಿ ಚಪ್ಪಲಿ ಬೇಡ, ಜಾರುತ್ತದೆ. ಹಿಡಿತವಿರುವ ಬೂಟು ಹಾಕಿ. ತಲೆಗೆ ಟೋಪಿ ಅಥವಾ ಟವೆಲ್ಲು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದು ಟಾರ್ಚು ಇರಲಿ. ತಿಂಡಿಯನ್ನು ಬ್ಯಾಗಿನೊಳಗೇ ಇಡಿ, ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ. ಗೈಡ್ ಬೇಕೆಂದರೆ ದರವನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಬೆಳಿಗ್ಗೆ: ಬಾಗಿಲಿನಿಂದ ಬಾಗಿಲಿಗೆ

ಏಳು ಸುತ್ತಿನ ಕೋಟೆ ಎಂಬ ಮಾತಿನ ಅರ್ಥ ಕಾಲಿಗೆ ತಿಳಿಯುವುದು ಇಲ್ಲೇ. ಒಂದು ಬಾಗಿಲು ದಾಟಿದರೆ ಮುಂದಿನದು ನೇರ ಕಾಣುವುದಿಲ್ಲ, ಗೋಡೆ ಹಿಡಿದು ತಿರುಗಬೇಕು. ಆನೆ ಓಡಿಬಂದು ಹಣೆಯಿಂದ ಕದ ಗುದ್ದಲು ಜಾಗವೇ ಸಿಗದ ಹಾಗೆ ಕಟ್ಟಿದ್ದಾರೆ. ಗೋಡೆಯ ಸಂದಿಗೆ ಬೆರಳಿಟ್ಟು ನೋಡಿ: ಗಾರೆ ಇಲ್ಲ, ಕಲ್ಲಿಗೆ ಕಲ್ಲನ್ನೇ ಕೆತ್ತಿ ಕೂರಿಸಿದ್ದಾರೆ. ಪಕ್ಕದ ಬಂಡೆಗಳ ಮೇಲೆ ಸಾಲಾಗಿ ಚೌಕ ಗುಳಿಗಳಿವೆ, ಬೆಣೆ ಬಡಿದು ಬಂಡೆ ಸೀಳಿದ ಗುರುತು ಅವು.

ಮೊದಲ ಬಾಗಿಲುಗಳನ್ನು ದಾಟಿದ ಮೇಲೆ ಮದ್ದು ಬೀಸುವ ಕಲ್ಲುಗಳಿವೆ. ಕಲ್ಲು ಕಟ್ಟಿದ ಗುಂಡಿಯ ನಾಲ್ಕು ಮೂಲೆಗೆ ನಾಲ್ಕು ಭಾರಿ ಬೀಸುಕಲ್ಲು. ಮನೆಯ ರಾಗಿ ಕಲ್ಲು ನೋಡಿ ಬೆಳೆದವರಿಗೆ ಆಕಾರ ಹೊಸದಲ್ಲ, ಗಾತ್ರ ನೋಡಿದಾಗ ಎದೆ ಝಲ್ಲೆನ್ನುತ್ತದೆ. ಸಿಡಿಮದ್ದು ಅರೆಯಲು ಇವನ್ನು ಆನೆ ಅಥವಾ ಕೋಣ ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ.

ಮೇಲಿನ ಬಯಲು

ಬನಶಂಕರಿ ಗುಡಿ ದಾಟಿ ಏರಿದರೆ ಬಂಡೆಗಳ ನಡುವೆ ಬಯಲು ತೆರೆದುಕೊಳ್ಳುತ್ತದೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳು, ಎತ್ತರದ ದೀಪಸ್ತಂಭ, ಉಯ್ಯಾಲೆ ಕಂಬ ಎಲ್ಲ ಹತ್ತಿರ ಹತ್ತಿರವೇ ಇವೆ. 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾದ ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಮುಗಿಯಿತು. ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಆ ಪತನದ ಕಥೆ ಹೇಳುವ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿ ಓದಿಕೊಂಡು ಹೋದವರಿಗೆ ಇಲ್ಲಿನ ಮಣ್ಣಿನ ಮೋಟು ಗೋಡೆಗಳ ಮುಂದೆ ಗಂಟಲು ಬಿಗಿಯುತ್ತದೆ.

ಈಗ ನೀರಿನ ದಾರಿ ಹಿಡಿಯಿರಿ. ಗೋಪಾಲಕೃಷ್ಣ ಗುಡಿಯ ಹತ್ತಿರ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ-ತಂಗಿಯರ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆ ಮೇಲಿನ ಹೊಂಡ ತುಂಬಿ, ಕೋಡಿ ಬಿದ್ದು, ಕೆಳಗಿನದಕ್ಕೆ ಇಳಿಯುವ ಹಾಗೆ ಮಾಡಿದ ಏರ್ಪಾಡು ಇದು. ನದಿಯಿಲ್ಲದ ಗುಡ್ಡದ ಮೇಲೆ ಸೈನ್ಯ, ಊರು, ಆನೆ, ಕುದುರೆ ಬದುಕಿದ್ದು ಹೀಗೆ. ಹತ್ತು ನಿಮಿಷ ದಂಡೆಯ ಮೇಲೆ ಕೂತು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ. ದಮ್ಮಿದ್ದವರು ತುಪ್ಪದ ಕೊಳದ ಬತೇರಿ (ಕಾವಲು ಬುರುಜು) ಹತ್ತಬಹುದು. ಬಂಡೆಯಲ್ಲಿ ಕೊರೆದ ಪುಟ್ಟ ಗುಳಿಗಳೇ ಮೆಟ್ಟಿಲು. ಮಕ್ಕಳು, ವಯಸ್ಸಾದವರು ಕೆಳಗೇ ಇರಲಿ. ಮಳೆ ಬಂದಿದ್ದರೆ ಯಾರೂ ಹತ್ತಬೇಡಿ. ಮೇಲಿನಿಂದ ಊರು, ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಸಾಲು ಎಲ್ಲ ಕಾಣುತ್ತದೆ.

ಓಬವ್ವನ ಕಿಂಡಿ

ಕಿಂಡಿಯನ್ನು ಕೊನೆಗೆ ಉಳಿಸಿಕೊಳ್ಳಿ. ಅದರ ಹತ್ತಿರವೇ ತಣ್ಣೀರು ದೋಣಿ ಎಂಬ ಸಣ್ಣ ನೀರಿನ ತಾವಿದೆ. ಕಾವಲುಗಾರ ಗಂಡ ಊಟಕ್ಕೆ ಕೂತಾಗ ಓಬವ್ವ ಬಂದಿದ್ದು ನೀರು ತರಲೆಂದೇ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಂಡು ಒನಕೆ ಹಿಡಿದು ನಿಂತಳು. ಕಿಂಡಿಯಲ್ಲಿ ತಲೆ ತೂರಿಸಿ ನೋಡಿ: ಒಂದು ಸಲಕ್ಕೆ ಒಬ್ಬ, ಅದೂ ಮೈ ಕುಗ್ಗಿಸಿಕೊಂಡು. ಒಬ್ಬಳೇ ಹೆಂಗಸು ಹೇಗೆ ತಡೆದಳು ಎಂಬ ಪ್ರಶ್ನೆಗೆ ಆ ಕಿಂಡಿಯ ಅಳತೆಯೇ ಉತ್ತರ.

ಮಧ್ಯಾಹ್ನ: ಊರು, ಚಂದ್ರವಳ್ಳಿ

ಇಳಿದು ಊಟ ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಪೇಟೆಯಲ್ಲಿ ನಡೆಯಿರಿ. ಹಳೆಯ ಹೆಬ್ಬಾಗಿಲಾದ ರಂಗಯ್ಯನ ಬಾಗಿಲಿನ ಬಳಿ ಮ್ಯೂಸಿಯಂ ಇದೆ. ಉಚ್ಚಂಗಿ ಎಲ್ಲಮ್ಮನ ಗುಡಿಗೆ ಕೈಮುಗಿದು ಸಂತೆ ಹೊಂಡ ನೋಡಿ. ಬೆಳಿಗ್ಗೆ ಗುಡ್ಡದ ಮೇಲೆ ಕಂಡ, ನೀರು ಹಿಡಿದಿಡುವ ಅದೇ ಜಾಣತನ ಇಲ್ಲಿ ಊರ ನಡುವೆ ಇದೆ.

ಬಿಸಿಲು ಇಳಿದ ಮೇಲೆ ಆಟೋದಲ್ಲಿ ಚಂದ್ರವಳ್ಳಿಗೆ ಹೋಗಿ. ಕೋಟೆಯ ಬೆನ್ನಿಗೆ, ಗುಡ್ಡಗಳ ನಡುವೆ ಒಂದು ಕೆರೆ. ಕದಂಬರ ಮಯೂರಶರ್ಮನ ಪ್ರಾಕೃತ ಶಾಸನ ಇಲ್ಲಿನ ಬಂಡೆಯ ಮೇಲಿದೆ. ಅದು ಹೇಳುವುದೂ ಕೆರೆಯ ವಿಷಯವನ್ನೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿವೆ.  ಎರಡು ಸಾವಿರ ವರ್ಷದ ಹಿಂದೆ ರೋಮಿನ ದುಡ್ಡೇ ನಮ್ಮ ಸೀಮೆಗೆ ಬಂದಿತ್ತು. ಅಂಕಲಿ ಮಠದ ಗವಿಯೊಳಗೆ ಕಗ್ಗತ್ತಲು. ಟಾರ್ಚು ಹಿಡಿದು, ಜಾಗ ಬಲ್ಲವರ ಜೊತೆಗಷ್ಟೇ ಇಳಿಯಿರಿ.

ಹೊತ್ತು ಮುಳುಗುವ ಮೊದಲೇ ಬಸ್ ನಿಲ್ದಾಣ ಸೇರಿ. ಒಂದು ಮಾತು ಮಾತ್ರ ನಡೆಸಿಕೊಡಿ: ಬಂಡೆಯ ಮೇಲೆ ಹೆಸರು ಗೀಚಬೇಡಿ, ಒಯ್ದ ಬಾಟಲಿಯನ್ನು ವಾಪಸು ತನ್ನಿ. ಮಳೆಯ ಒಂದೊಂದು ಹನಿಯನ್ನೂ ಹಿಡಿದಿಟ್ಟು ಬಾಳಿದವರ ಹೊಂಡ ಅದು, ಅದರಲ್ಲಿ ನಮ್ಮ ಕಸ ತೇಲಬಾರದು.